ತುಮಕೂರಿನ ಪಿಜಿ ರೂಮಿನಲ್ಲಿ ಕೋಕೋ: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಮೊದಲೇ ಹೇಳಿಬಿಡುತ್ತೇನೆ. ತಿಂಗಳ ಕೊನೆಗೆ ಪರ್ಸಿನಲ್ಲಿ ಎಷ್ಟಿದೆ ಅಂತ ಎಣಿಸಿ ಖರ್ಚು ಮಾಡುವವರು ಸಕ್ಕರೆ ಇಲ್ಲದ ಸಾದಾ ಕೋಕೋ ಪೌಡರ್ ಒಂದನ್ನು ತಂದಿಟ್ಟುಕೊಂಡರೆ ಸಾಕು. ಡ್ರಿಂಕಿಂಗ್ ಚಾಕೊಲೇಟ್ ಡಬ್ಬಿ, ಬೇಕರಿಯವರು ಬಳಸುವ ಕಾಂಪೌಂಡ್ ಚಾಕೊಲೇಟ್ ಗಟ್ಟಿ, ಆನ್‌ಲೈನಿನಲ್ಲಿ ಸಿಗುವ ಕೋಕೋ ನಿಬ್ಸ್ (ಸಿಪ್ಪೆ ತೆಗೆದ ಕೋಕೋ ಬೀಜದ ಚೂರು), ಡಾರ್ಕ್ ಚಾಕೊಲೇಟ್ ಬಾರ್, ಎಲ್ಲವನ್ನೂ ತಂದು ನೋಡಿದ್ದೇನೆ. ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಬಂದಿದ್ದು ಸಾದಾ ಪೌಡರಿನಿಂದ ಮಾತ್ರ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಕೋಕೋ ಅಂದರೆ ದುಡ್ಡಿದ್ದವರ ಐಟಂ ಅಂತ ನಮ್ಮ ಪಿಜಿಯಲ್ಲಿ ಸುಮಾರು ಜನ ಅಂದುಕೊಂಡಿದ್ದಾರೆ.

ನಾನಿರುವುದು ಬಿ.ಎಚ್. ರಸ್ತೆಯಿಂದ ಒಳಗೆ ಒಂದು ಪಿಜಿಯಲ್ಲಿ. ರೂಮಿನಲ್ಲಿ ಒಂದು ಇಂಡಕ್ಷನ್ ಒಲೆ, ಎರಡು ಪಾತ್ರೆ, ಪಾವಗಡದ ರೂಮ್‌ಮೇಟ್ ಊರಿಂದ ತಂದ ಸಣ್ಣ ಮಿಕ್ಸಿ. ಓವನ್ ಇಲ್ಲ. ಫ್ರಿಜ್ ಬೇಕಾದರೆ ಕೆಳಗೆ ಓನರ್ ಆಂಟಿಯನ್ನು ಕೇಳಬೇಕು. ಕೆಳಗೆ ಬರೆದಿರುವುದೆಲ್ಲ ಇಷ್ಟರಲ್ಲೇ ಮಾಡಿದ್ದು, ಹಾಗಾಗಿ ನಿಮ್ಮ ರೂಮಿನಲ್ಲೂ ಆಗುತ್ತದೆ.

ಎಲ್ಲಿ ಸಿಗುತ್ತದೆ ಅಂದರೆ, ಸೂಪರ್ ಮಾರ್ಕೆಟ್‌ಗಳಲ್ಲಿ ಪ್ಯಾಕೆಟ್ ಇದ್ದೇ ಇರುತ್ತದೆ, ಕಾಫಿ ಟೀ ಶೆಲ್ಫಿನಲ್ಲಿ ಅಲ್ಲ, ಕೇಕ್ ಸಾಮಾನಿನ ಹತ್ತಿರ ಹುಡುಕಬೇಕು. ಆದರೆ ನಾನು ಜಾಸ್ತಿ ಹೋಗುವುದು ಮಂಡಿಪೇಟೆ ಕಡೆಗೆ. ಅಲ್ಲಿ ಬೇಕರಿ ಸಾಮಾನು ಇಡುವ ಅಂಗಡಿಯಲ್ಲಿ ಮೊದಲ ಸಲ ಕೋಕೋ ಕೇಳಿದಾಗ ಅಂಗಡಿಯ ಅಣ್ಣ ತಕ್ಷಣ ಕೊಡಲಿಲ್ಲ.

"ಕೇಕಿಗಾ, ಕುಡಿಯೋಕಾ?" ಅಂದರು.

"ಕುಡಿಯೋಕೆ ಅಣ್ಣಾ."

"ಹಂಗಾದ್ರೆ ಇದು ಕಹಿ ಕಣಮ್ಮ. ಆಮೇಲೆ ವಾಪಸ್ ತಂದ್ರೆ ತಗೊಳಲ್ಲ."

ಕಹಿ ಇರುವುದೇ ಬೇಕು ಅಂದಮೇಲೆ ಎರಡು ಥರದ ಪ್ಯಾಕೆಟ್ ತೆಗೆದು ಮುಂದಿಟ್ಟರು, ಒಂದು ತಿಳಿ ಕಂದು, ಇನ್ನೊಂದು ಕಡು ಕಂದು, ಹೆಚ್ಚುಕಡಿಮೆ ಕಪ್ಪು. ಈ ವ್ಯತ್ಯಾಸ ಗೊತ್ತಿರುವುದು ಮುಖ್ಯ. ಕೋಕೋ ಹಣ್ಣಿನ ಬೀಜವನ್ನು ಹುಳಿ ಬರಿಸಿ, ಒಣಗಿಸಿ, ಹುರಿದು, ಸಿಪ್ಪೆ ತೆಗೆದು ಅರೆದರೆ ಗಟ್ಟಿ ಮುದ್ದೆ ಬರುತ್ತದೆ. ಅದನ್ನು ಒತ್ತಿ ಒಳಗಿನ ಕೊಬ್ಬನ್ನು, ಅಂದರೆ ಕೋಕೋ ಬೆಣ್ಣೆಯನ್ನು, ತೆಗೆದರೆ ಉಳಿಯುವ ಹಿಂಡಿಯ ಪುಡಿಯೇ ಕೋಕೋ ಪೌಡರ್. ಹೀಗೆ ಒತ್ತಿ ತೆಗೆಯುವ ಉಪಾಯಕ್ಕೆ 1828ರಲ್ಲಿ ನೆದರ್ಲೆಂಡ್ಸ್‌ನ ವಾನ್ ಹೌಟನ್ ಕುಟುಂಬ ಪೇಟೆಂಟ್ ತೆಗೆದುಕೊಂಡಿತು. ಪುಡಿಯನ್ನು ಕ್ಷಾರದಲ್ಲಿ ಹದ ಮಾಡುವುದನ್ನು ಶುರು ಮಾಡಿದ್ದೂ ಅದೇ ಮನೆಯವರು, ಅದಕ್ಕೇ ಅದನ್ನು ಡಚ್ ಕೋಕೋ ಅನ್ನುತ್ತಾರೆ. ಕಡು ಬಣ್ಣದ್ದು ಅದು. ಕಹಿ ಕಡಿಮೆ, ಹುಳಿ ಇಲ್ಲ, ಹಾಲಿನಲ್ಲಿ ಚೆನ್ನಾಗಿ ಬೆರೆಯುತ್ತದೆ. ತಿಳಿ ಬಣ್ಣದ್ದು ನ್ಯಾಚುರಲ್. ಅದಕ್ಕೆ ಸ್ವಲ್ಪ ಹುಳಿ, ಸ್ವಲ್ಪ ಒಗರು, ಹಣ್ಣಿನ ವಾಸನೆ. ಪ್ಯಾಕೆಟ್ ಹಿಂದೆ ಆಸಿಡಿಟಿ ರೆಗ್ಯುಲೇಟರ್ 501 ಅಥವಾ 500 ಅಂತ ಇದ್ದರೆ ಅದು ಕ್ಷಾರ ಹಾಕಿದ್ದು. ಏನೂ ಇಲ್ಲದೆ ಬರೀ ಕೋಕೋ ಅಂತಷ್ಟೇ ಇದ್ದರೆ ನ್ಯಾಚುರಲ್.

ಬರೀ ಹಾಲಿಗೆ ಹಾಕಿ ಕುಡಿಯುವವರು ಡಚ್ ತಗೊಳ್ಳಿ. ನನ್ನ ಓಟು ನ್ಯಾಚುರಲ್‌ಗೆ. ಬೆಲ್ಲ, ರಾಗಿ, ಕಡ್ಲೆಬೀಜದ ಜೊತೆ ಅದರ ಒಗರು ಎದ್ದು ನಿಲ್ಲುತ್ತದೆ, ಇನ್ನೊಂದು ಆ ರುಚಿಗಳ ನಡುವೆ ಕಳೆದುಹೋಗುತ್ತದೆ.

ಲೂಸ್ ಪೌಡರ್ ಬಗ್ಗೆ ಒಂದು ಮಾತು. ಒಂದು ಅಂಗಡಿಯಲ್ಲಿ ಡಬ್ಬಿಯಿಂದ ತೆಗೆದು ತೂಕ ಮಾಡಿ ಕೊಟ್ಟ ಪೌಡರನ್ನು ರೂಮಿಗೆ ತಂದು ಬಿಚ್ಚಿದರೆ ಘಮ್ ಅಂತ ಜೀರಿಗೆ ವಾಸನೆ. ಪಕ್ಕದಲ್ಲೇ ಮಸಾಲೆ ಚೀಲ ಇಟ್ಟಿದ್ದರು ಅಂತ ಕಾಣುತ್ತದೆ. ಕೋಕೋದಲ್ಲಿ ಕೊಬ್ಬು ಇರುವುದರಿಂದ ಅಕ್ಕಪಕ್ಕದ ವಾಸನೆಯನ್ನೆಲ್ಲ ಎಳೆದುಕೊಂಡುಬಿಡುತ್ತದೆ. ಹಾಲಿಗೆ ಹಾಕಿದರೂ ಹೋಗಲಿಲ್ಲ, ಏಲಕ್ಕಿ ಹಾಕಿದರೂ ಹೋಗಲಿಲ್ಲ. ಸೀಲ್ ಇರುವ ಪ್ಯಾಕೆಟ್ ಹತ್ತು ಇಪ್ಪತ್ತು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ, ಅದನ್ನೇ ತಗೊಳ್ಳಿ. ಲೂಸೇ ಬೇಕು ಅಂದರೆ ಮೂಸಿ ನೋಡಿ ತಗೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

ಈಗ ಲೆಕ್ಕ. ನಾನು ಈಚೆಗೆ ತಂದ 100 ಗ್ರಾಂ ಪ್ಯಾಕೆಟ್‌ಗೆ 130 ರೂಪಾಯಿ ಆಯಿತು. ಒಂದು ಲೋಟಕ್ಕೆ 5 ಗ್ರಾಂ, ಅಂದರೆ ಟೀ ಚಮಚದಲ್ಲಿ ಎರಡು ಸಮ ಚಮಚ. ಒಂದು ಪ್ಯಾಕೆಟ್‌ನಲ್ಲಿ 20 ಲೋಟ ಆಗುತ್ತದೆ, ಲೋಟಕ್ಕೆ ಆರೂವರೆ ರೂಪಾಯಿ. ನಂದಿನಿ ನೀಲಿ ಪ್ಯಾಕೆಟ್ ಹಾಲು 150 ಎಂಎಲ್ ಹಾಕಿದರೆ ಇನ್ನೊಂದು ಏಳೆಂಟು ರೂಪಾಯಿ. ಸಕ್ಕರೆಯದ್ದು ಲೆಕ್ಕಕ್ಕೇ ಇಲ್ಲ. ಎಲ್ಲ ಸೇರಿ 15 ರೂಪಾಯಿ ದಾಟುವುದಿಲ್ಲ. ಇದೇ ಊರಿನ ಕೆಫೆಗಳಲ್ಲಿ ಹಾಟ್ ಚಾಕೊಲೇಟ್‌ಗೆ ನೂರರ ಮೇಲೆ ಕೊಟ್ಟಿದ್ದೇನೆ, ಬಂದ ಕಪ್ಪಿನಲ್ಲಿ ಅರ್ಧ ನೊರೆ.

ಡ್ರಿಂಕಿಂಗ್ ಚಾಕೊಲೇಟ್ ಡಬ್ಬಿಯ ಮೇಲಿನ ದರ ನೋಡಿದರೆ ಅದೇ ಅಗ್ಗ ಅನ್ನಿಸುತ್ತದೆ. ಅಲ್ಲೇ ಎಡವುವುದು. ಡಬ್ಬಿ ತಿರುಗಿಸಿ ಹಿಂದೆ ಓದಿ. ಯಾವುದು ಜಾಸ್ತಿ ತೂಕ ಇದೆಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ನಾನು ತಿರುಗಿಸಿ ನೋಡಿದ ಡಬ್ಬಿಗಳಲ್ಲಿ ಮೊದಲು ಇದ್ದಿದ್ದು ಸಕ್ಕರೆ, ಅದೂ ಅರ್ಧಕ್ಕಿಂತ ಜಾಸ್ತಿ. ಮೇಲಾಗಿ ಒಂದು ಲೋಟಕ್ಕೆ ಮೂರು ನಾಲ್ಕು ಚಮಚ ಹಾಕದಿದ್ದರೆ ರುಚಿಯೇ ಬರುವುದಿಲ್ಲ, ಹಾಗಾಗಿ ಡಬ್ಬಿ ಬೇಗ ಖಾಲಿಯಾಗುತ್ತದೆ. ಅಂಗಡಿಯಲ್ಲಿ ಕೆಜಿಗೆ ನಲವತ್ತೈದಕ್ಕೋ ಐವತ್ತಕ್ಕೋ ಸಿಗುವ ಸಕ್ಕರೆಯನ್ನು ಕೋಕೋ ದರದಲ್ಲಿ ಯಾಕೆ ಕೊಳ್ಳಬೇಕು, ಅಲ್ವಾ? ಮಾಲ್ಟ್ ಹಾಕಿದ ಪುಡಿಗಳದ್ದೂ ಇದೇ ಕತೆ, ಅದರಲ್ಲಿ ಕೋಕೋ ಇನ್ನೂ ಕಡಿಮೆ. ಅಂಥವನ್ನು ಹೆಲ್ತ್ ಡ್ರಿಂಕ್ ಅನ್ನುವ ವಿಭಾಗದಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಕೇಂದ್ರದ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲೇ ಹೇಳಿದೆ.

ಒಲೆ ಇಲ್ಲ, ಬರೀ ಬಿಸಿ ಹಾಲು ಸಿಗುತ್ತದೆ, ಕಲಸಿ ಕುಡಿದರೆ ಸಾಕು ಅನ್ನುವ ಹಾಸ್ಟೆಲಿನವರಿಗೆ ಡ್ರಿಂಕಿಂಗ್ ಚಾಕೊಲೇಟ್ ಸರಿಯೇ. ಆಗ ನಮ್ಮ ಕ್ಯಾಂಪ್ಕೋದ ವಿನ್ನರ್ ಸಿಕ್ಕರೆ ನೋಡಿ. ಅಡಿಕೆ ಮತ್ತು ಕೋಕೋ ಬೆಳೆಗಾರರು 1973ರಲ್ಲಿ ಮಂಗಳೂರಿನಲ್ಲಿ ಕಟ್ಟಿಕೊಂಡ ಸಹಕಾರ ಸಂಘ ಅದು, ಚಾಕೊಲೇಟ್ ಫ್ಯಾಕ್ಟರಿ 1986ರಿಂದ ಪುತ್ತೂರಿನಲ್ಲಿದೆ. ಅಡಿಕೆ ತೋಟದ ನೆರಳಲ್ಲಿ ಬೆಳೆದ ಕೋಕೋ ರೈತರ ಸಂಘದ ಮೂಲಕವೇ ನಮ್ಮ ಲೋಟಕ್ಕೆ ಬರುತ್ತದೆ ಅನ್ನುವುದು ನನಗೆ ನಿಜವಾಗಿ ಖುಷಿ ಕೊಡುವ ವಿಷಯ. ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆ ಅಡಿಕೆ ತೋಟ ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ.

ಇನ್ನು ಮಾಡುವ ರೀತಿ. ಕೋಕೋ ಚೆನ್ನಾಗಿಲ್ಲ ಅನ್ನುವವರಲ್ಲಿ ಸುಮಾರು ಜನ ಅದನ್ನು ನೇರವಾಗಿ ಹಾಲಿಗೆ ಸುರಿದವರು. ತಣ್ಣನೆ ಹಾಲಿಗೆ ಹಾಕಿದರೆ ಪುಡಿ ಮೇಲೆ ತೇಲುತ್ತದೆ, ಕಲಕಿದಷ್ಟೂ ಗಂಟು. ಗಂಟು ಒಡೆದರೆ ಒಳಗೆ ಒಣ ಪುಡಿ ಹಾಗೇ ಇರುತ್ತದೆ, ಗಂಟಲಿಗೆ ಹತ್ತಿ ಕೆಮ್ಮು ಬರುತ್ತದೆ. ಪುಡಿಯಲ್ಲಿ ಉಳಿದಿರುವ ಕೊಬ್ಬು ನೀರನ್ನು ಹತ್ತಿರ ಸೇರಿಸದಿರುವುದೇ ಕಾರಣ. ಹಾಗಾಗಿ ಮೊದಲು ಪಾತ್ರೆಯಲ್ಲಿ ಕೋಕೋ, ಸಕ್ಕರೆ, ಒಂದು ಚಿಟಿಕೆ ಉಪ್ಪು ಹಾಕಿ ಒಣಗಿರುವಾಗಲೇ ಕಲಸಿ. ಆಮೇಲೆ ಎರಡು ಮೂರು ಚಮಚ ಬಿಸಿ ನೀರು, ಅಷ್ಟೇ. ಚಮಚದ ಬೆನ್ನಿನಿಂದ ಪಾತ್ರೆಯ ಗೋಡೆಗೆ ಒತ್ತಿ ತಿಕ್ಕುತ್ತಾ ಹೋಗಿ. ಮೊದಲು ಮಣ್ಣಿನ ಥರ ಒರಟಾಗಿರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಹೊಳಪು ಬಂದು ಚಮಚದಿಂದ ದಾರದ ಹಾಗೆ ಇಳಿಯಲು ಶುರುವಾಗುತ್ತದೆ. ಆ ಹೊಳಪು ಬರುವ ತನಕ ಹಾಲು ಹಾಕಬೇಡಿ. ಬಂದಮೇಲೆ ಅರ್ಧ ಲೋಟ ನೀರು ಹಾಕಿ ಎರಡು ನಿಮಿಷ ಕುದಿಸಿ. ಕುದಿಯುವಾಗ ಹಸಿ ಪುಡಿಯ ವಾಸನೆ ಹೋಗಿ ಬ್ರೌನಿ ಥರದ ವಾಸನೆ ಬರುತ್ತದೆ, ಕೋಕೋದಲ್ಲಿರುವ ಪಿಷ್ಟ ಬೆಂದು ಸ್ವಲ್ಪ ಮಂದವೂ ಆಗುತ್ತದೆ. ಆಮೇಲೆ ಹಾಲು. ಹಾಲು ಉಕ್ಕುವ ಮುಂಚೆ ಇಳಿಸಿ.

ಉಪ್ಪು ಬಿಡಬೇಡಿ. ಚಿಟಿಕೆ ಉಪ್ಪು ಕಹಿಯನ್ನು ಹಿಂದೆ ಸರಿಸುತ್ತದೆ, ಸಕ್ಕರೆ ಒಂದು ಚಮಚ ಕಡಿಮೆ ಹಿಡಿಯುತ್ತದೆ.

ಸಕ್ಕರೆ ಬದಲು ಬೆಲ್ಲ ಹಾಕುವವರು ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟು ಹಾಕಿ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಭಯ ಇದ್ದೇ ಇದೆ, ನ್ಯಾಚುರಲ್ ಕೋಕೋದ ಹುಳಿಯೂ ಸೇರಿದರೆ ಇನ್ನೂ ಜಾಸ್ತಿ.

ಹಾಲು ಇಲ್ಲದ ದಿನ ಬರೀ ನೀರಿನಲ್ಲೂ ಆಗುತ್ತದೆ. ಮಾಯಾ, ಅಜ್ಟೆಕ್ ಜನ ಕುಡಿಯುತ್ತಿದ್ದಿದ್ದೇ ನೀರಿನಲ್ಲಿ, ಮೆಣಸಿನಕಾಯಿ ಖಾರ ಹಾಕಿ, ಎತ್ತರದಿಂದ ಪಾತ್ರೆಗೆ ಹೊಯ್ದು ನೊರೆ ಬರಿಸಿ. ಮೆಕ್ಸಿಕೊದಲ್ಲಿ ಇವತ್ತಿಗೂ ಮರದ ಕಡೆಗೋಲಿನಂಥದ್ದನ್ನು ಅಂಗೈಗಳ ನಡುವೆ ತಿರುಗಿಸಿ ಚಾಕೊಲೇಟ್ ಕಡೆಯುತ್ತಾರೆ. ನಾವೂ ಓನರ್ ಆಂಟಿಯ ಮಜ್ಜಿಗೆ ಕಡೆಗೋಲು ಈಸಿಕೊಂಡು ಮಾಡಿದೆವು. ಶುಂಠಿ ಜಜ್ಜಿ, ಎರಡು ಕಾಳುಮೆಣಸು ಪುಡಿ ಮಾಡಿ, ಬೆಲ್ಲ ಹಾಕಿ ಕಡೆದರೆ ಬೆರಳೆತ್ತರ ನೊರೆ. ಡಿಸೆಂಬರ್ ಚಳಿಯಲ್ಲಿ ಇದು ಹಾಲಿನದ್ದಕ್ಕಿಂತ ಚೆನ್ನಾಗಿರುತ್ತದೆ, ನಿಜವಾಗಿ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ರಾಗಿ ಜೊತೆಗಿನ ಕೋಕೋ. ಮೆಕ್ಸಿಕೊದಲ್ಲಿ ಮೆಕ್ಕೆಜೋಳದ ಹಿಟ್ಟಿನ ಗಂಜಿಗೆ ಚಾಕೊಲೇಟ್ ಹಾಕಿ ಚಂಪುರ್ರಾಡೊ ಅಂತ ಬೆಳಗ್ಗೆ ಕುಡಿಯುತ್ತಾರೆ. ನಮಗೆ ರಾಗಿ ಇದೆಯಲ್ಲ. ಎರಡು ಚಮಚ ರಾಗಿ ಹಿಟ್ಟು, ಒಂದು ಚಮಚ ಕೋಕೋ, ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿ, ಕುದಿಯುವ ನೀರಿಗೆ ಬಿಟ್ಟು, ಅಂಬಲಿ ಕಾಯಿಸಿದ ಹಾಗೇ ಕೈ ಬಿಡದೆ ತಿರುಗಿಸಿ. ಬಣ್ಣ ಎರಡಕ್ಕೂ ಒಂದೇ, ರಾಗಿಯ ಮಣ್ಣಿನ ವಾಸನೆ ಮತ್ತು ಕೋಕೋದ ಒಗರು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. ಬೆಲ್ಲ, ಏಲಕ್ಕಿ, ಮೇಲೆ ಸ್ವಲ್ಪ ಹಾಲು. ಬೆಳಗ್ಗೆ ಒಂದು ದೊಡ್ಡ ಲೋಟ ಕುಡಿದು ಕ್ಲಾಸಿಗೆ ಹೋದರೆ ಮಧ್ಯಾಹ್ನದ ತನಕ ಹೊಟ್ಟೆ ಕೇಳುವುದಿಲ್ಲ. ಊರಿಂದ ಹುರಿಹಿಟ್ಟು ಕಳಿಸುವವರಿದ್ದರೆ ಇನ್ನೂ ಸುಲಭ, ಅದು ಆಗಲೇ ಹುರಿದಿದ್ದು, ಬೇಯಿಸುವ ಕೆಲಸವೇ ಇಲ್ಲ. ಹುರಿಹಿಟ್ಟು, ಕೋಕೋ, ಬೆಲ್ಲದ ಪುಡಿ ಕಲಸಿ ಬಿಸಿ ಹಾಲು ಹಾಕಿ ಉಂಡೆ ಕಟ್ಟಿದರೂ ಸರಿ, ತೆಳ್ಳಗೆ ಮಾಡಿ ಕುಡಿದರೂ ಸರಿ. ನಮ್ಮ ಜಿಲ್ಲೆಯವರಿಗೆ ನಾನು ಒಂದೇ ಒಂದು ಮಾಡಿ ನೋಡಿ ಅನ್ನುವುದಾದರೆ ಇದನ್ನೇ ಅನ್ನುತ್ತೇನೆ.

ಬ್ರೆಡ್ಡಿಗೆ, ಚಪಾತಿಗೆ ಹಚ್ಚಿಕೊಳ್ಳಲು ಕಡ್ಲೆಬೀಜದ ಕೋಕೋ ಪೇಸ್ಟ್. ಪಾವಗಡ, ಸಿರಾ, ಮಧುಗಿರಿ ಕಡೆಯವರು ರೂಮಿನಲ್ಲಿದ್ದರೆ ಕಡ್ಲೆಬೀಜಕ್ಕೆ ಬರ ಇಲ್ಲ. ಒಂದು ಲೋಟ ಬೀಜ ಹುರಿದು, ಸಿಪ್ಪೆ ಊದಿ, ಆರಿದಮೇಲೆ ಮಿಕ್ಸಿಗೆ ಹಾಕಿ. ಮೊದಲು ಪುಡಿ, ಆಮೇಲೆ ಅಂಟು, ನಿಲ್ಲಿಸಿ ನಿಲ್ಲಿಸಿ ತಿರುಗಿಸುತ್ತಾ ಹೋದರೆ ಎಣ್ಣೆ ಬಿಟ್ಟು ತಾನೇ ಸಡಿಲ ಆಗುತ್ತದೆ. ಆಗ ಎರಡು ದೊಡ್ಡ ಚಮಚ ಕೋಕೋ, ಮೂರು ನಾಲ್ಕು ಚಮಚ ಸಕ್ಕರೆ ಪುಡಿ, ಉಪ್ಪು. ನೀರಾಗಲಿ ಹಾಲಾಗಲಿ ಒಂದು ಹನಿಯೂ ಬೇಡ, ಬಿದ್ದರೆ ಗಟ್ಟಿಯಾಗಿ ನಿಂತುಬಿಡುತ್ತದೆ, ಬೇಗ ಕೆಡುತ್ತದೆ. ಇದಕ್ಕೆ ಬೆಲ್ಲವೂ ಬೇಡ, ಅದರಲ್ಲಿ ತೇವ ಇರುತ್ತದೆ. ಗಾಜಿನ ಬಾಟಲಿಯಲ್ಲಿ ಹಾಕಿಟ್ಟರೆ ಫ್ರಿಜ್ ಇಲ್ಲದೆಯೂ ಚೆನ್ನಾಗಿರುತ್ತದೆ. ನಮ್ಮ ರೂಮಿನಲ್ಲಿ ಖಾಲಿಯಾಗುವುದೇ ಮೊದಲು.

ತಿಪಟೂರು ಕೊಬ್ಬರಿ ತುರಿದು ಬೆಲ್ಲ, ಕೋಕೋ ಸೇರಿಸಿ ಕಟ್ಟಿದ ಉಂಡೆಯೂ ಬಹಳ ಚೆನ್ನಾಗಿರುತ್ತದೆ. ಆದರೆ 2025ರಲ್ಲಿ ಕೊಬ್ಬರಿ ರೇಟ್ ಏರಿದ ಏರಿಕೆಗೆ ಅದು ಮನೆಯಿಂದ ಬಂದಾಗ ಮಾತ್ರ. ಬೆಳೆದವರಿಗೆ ಒಳ್ಳೆ ದುಡ್ಡು ಸಿಕ್ಕಿತು, ಅದು ಬೇರೆ ಸಂತೋಷ.

ಓವನ್ ಇಲ್ಲದೆ ಕೇಕ್ ಬೇಕಾದರೆ ತಟ್ಟೆ ಇಡ್ಲಿ ತಟ್ಟೆ ಇದೆ. ಕ್ಯಾತ್ಸಂದ್ರದ ಪಕ್ಕದಲ್ಲಿದ್ದುಕೊಂಡು ಅದು ಸಿಗದಿರುತ್ತದೆಯೇ? ಅರ್ಧ ಲೋಟ ಗೋಧಿ ಹಿಟ್ಟು ಅಥವಾ ಮೈದಾ, ಎರಡು ಚಮಚ ಕೋಕೋ, ಸಕ್ಕರೆ, ಮೊಸರು, ಸ್ವಲ್ಪ ಎಣ್ಣೆ, ಕಾಲು ಚಮಚ ಅಡುಗೆ ಸೋಡಾ. ದೋಸೆ ಹಿಟ್ಟಿಗಿಂತ ಗಟ್ಟಿ ಇರಲಿ. ಎಣ್ಣೆ ಸವರಿದ ತಟ್ಟೆಗೆ ಹಾಕಿ ಹದಿನೈದು ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಇಲ್ಲವಾದರೆ ನೀರು ತೊಟ್ಟಿಕ್ಕಿ ಮೇಲ್ಭಾಗ ಒದ್ದೆಯಾಗುತ್ತದೆ. ಇಲ್ಲಿ ನ್ಯಾಚುರಲ್ ಕೋಕೋ ಇದ್ದರೆ ಅದರ ಹುಳಿ ಮತ್ತು ಮೊಸರಿನ ಹುಳಿ ಎರಡೂ ಸೋಡಾ ಜೊತೆ ಸೇರಿ ಚೆನ್ನಾಗಿ ಉಬ್ಬುತ್ತದೆ. ಡಚ್ ಇದ್ದು, ಮೊಸರು ಹಾಕದೆ ಮಾಡುವವರಿಗೆ ಬೇಕಿಂಗ್ ಪೌಡರ್ ಬೇಕು.

ಸಾರಿಗೂ ಹಾಕಿ ನೋಡಿದೆ. ಮೆಕ್ಸಿಕೊದ ಮೋಲೆ ಅನ್ನುವ ಗೊಜ್ಜಿನಲ್ಲಿ ಒಣಮೆಣಸಿನಕಾಯಿ ಜೊತೆ ಚಾಕೊಲೇಟ್ ಇರುತ್ತದೆ. ಕಾಬೂಲಿ ಕಡಲೆ ಗೊಜ್ಜಿಗೆ ಅರ್ಧ ಚಮಚ ಕೋಕೋ ಹಾಕಿದರೆ ಬಣ್ಣ, ಗಾಢತೆ ಎರಡೂ ಬರುತ್ತದೆ, ಕೋಕೋ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹುಣಸೆಹಣ್ಣು ಜಾಸ್ತಿ ಇರುವ ಹುಳಿಗೆ ಮಾತ್ರ ಬೇಡ, ಹುಳಿ ಕಹಿ ಎರಡೂ ಜಗಳಕ್ಕೆ ನಿಲ್ಲುತ್ತವೆ.

ಕಾಂಪೌಂಡ್ ಗಟ್ಟಿಯ ಬಗ್ಗೆ ಚಿಕ್ಕದಾಗಿ. ಅದರಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ಗಿಡದ ಕೊಬ್ಬು ಇರುತ್ತದೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ಅಂದರೆ ಬಾಯಿಯ ಬಿಸಿಗೇ. ಕಾಂಪೌಂಡ್ ಹಾಗೆ ಕರಗುವುದಿಲ್ಲ, ನಾಲಗೆಗೆ ಮೇಣದ ಹಾಗೆ ಅಂಟಿಕೊಳ್ಳುತ್ತದೆ. ಬರ್ತ್‌ಡೇಗೆ ಬಿಸ್ಕತ್ತು ಅದ್ದಲು ಸರಿ, ಹಾಲಿಗೆ ಬೇಡ. ನಿಬ್ಸ್ ಒಳ್ಳೆಯದು, ಆದರೆ ನಮ್ಮ ಬಜೆಟ್‌ಗೆ ಅಲ್ಲ. ಡಾರ್ಕ್ ಬಾರ್ ಆಫರ್‌ನಲ್ಲಿ ಸಿಕ್ಕರೆ ಒಂದು ತುಂಡು ಪೌಡರಿನ ಹಾಲಿಗೆ ಕರಗಿಸಿ, ಬೆಣ್ಣೆಯ ನುಣುಪು ಬರುತ್ತದೆ.

ದರ ಯಾಕೆ ಇಷ್ಟಾಯಿತು ಅಂತ ಅಂಗಡಿಯ ಅಣ್ಣನನ್ನು ಬಯ್ಯಬೇಡಿ. ಪ್ರಪಂಚದ ಅರ್ಧಕ್ಕಿಂತ ಜಾಸ್ತಿ ಕೋಕೋ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ ಬರುತ್ತದೆ. ಅಲ್ಲಿ ಮಳೆ ಏರುಪೇರಾಗಿ, ಗಿಡಗಳಿಗೆ ರೋಗ ಬಂದು ಬೆಳೆ ಕುಸಿಯಿತು. 2024ರಲ್ಲಿ ಒಂದು ಟನ್ನಿಗೆ 10,000 ಡಾಲರ್ ದಾಟಿತು. ಆಮೇಲೆ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಕೋಕೋ ಪೌಡರ್ ಮೇಲಿನ ಜಿಎಸ್‌ಟಿಯೂ 18ರಿಂದ 5 ಪರ್ಸೆಂಟಿಗೆ ಬಂದಿದೆ, ಹಾಗಾಗಿ ಪ್ಯಾಕೆಟ್ ಮೇಲಿನ ಎಂಆರ್‌ಪಿ ಜೊತೆ ತಯಾರಾದ ತಿಂಗಳನ್ನೂ ನೋಡಿ. ಹಳೇ ಸ್ಟಾಕ್ ಆಗಿದ್ದರೆ ಕಡಿಮೆ ಮಾಡಿ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಪರೀಕ್ಷೆ ರಾತ್ರಿ ನಿದ್ದೆ ಕೆಡಿಸಲು ಇದನ್ನು ನಂಬಬೇಡಿ, ಒಂದು ಲೋಟದಲ್ಲಿ ಕೆಫೀನ್ ಕಾಫಿಗಿಂತ ಬಹಳ ಕಡಿಮೆ. ಓದಿ ಮುಗಿಸಿ ಮಲಗುವ ಮುಂಚೆ ಕುಡಿಯಲು ಅದೇ ಅನುಕೂಲ. ಪಿಜಿ ಗೇಟಿನ ನಾಯಿಗೆ ಮಾತ್ರ ಪ್ರೀತಿಗೂ ಕೊಡಬೇಡಿ, ಕೋಕೋದಲ್ಲಿರುವ ಥಿಯೋಬ್ರೋಮಿನ್ ನಾಯಿಗಳಿಗೆ ವಿಷ.

ಪ್ಯಾಕೆಟ್ ಒಡೆದಮೇಲೆ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಒಣ ಚಮಚ ಬಳಸಿ, ಸಾಂಬಾರ್ ಪುಡಿಯಿಂದ ದೂರ ಇಡಿ. ಮೊದಲ ಸಲಕ್ಕೆ 50 ಗ್ರಾಂದು ಸಿಕ್ಕರೆ ಅದನ್ನೇ ತಂದು ರಾಗಿ ಜೊತೆ ಒಂದು ವಾರ ಮಾಡಿ ನೋಡಿ. ಹಿಡಿಸಿದರೆ ಇಬ್ಬರು ಮೂವರು ದುಡ್ಡು ಹಾಕಿ ಅರ್ಧ ಕೆಜಿ ತಂದು ಹಂಚಿಕೊಳ್ಳಿ, ಬೇಕರಿ ಸಾಮಾನಿನ ಅಂಗಡಿಗಳಲ್ಲಿ ದೊಡ್ಡ ಪ್ಯಾಕೆಟ್‌ಗೆ ಗ್ರಾಂ ಲೆಕ್ಕದಲ್ಲಿ ಕಡಿಮೆ ಬೀಳುತ್ತದೆ.